ಮೊಣಕೈಯ ಬರೆ

ಬಲಗೈ ಹೆಬ್ಬೆರಳಿನ ಬುಡದ ಖಂಡ ತಾನಾಗಿಯೇ ಹಾರುವುದನ್ನು ನಾನು ಮೊದಲು ಕಂಡದ್ದು ಶಕ್ತಿನಗರದಲ್ಲಿ, ಮಧ್ಯಾಹ್ನ ಬುತ್ತಿ ಬಿಚ್ಚಿ ಕೂತಾಗ. ಕೈ ತೊಡೆಯ ಮೇಲೆ ಸುಮ್ಮನೆ ಬಿದ್ದಿತ್ತು. ಚರ್ಮದ ಕೆಳಗೆ ಏನೋ ತಟ್ಟಿತು, ನಿಂತಿತು, ಮತ್ತೆ ತಟ್ಟಿತು. ನೋವಿಲ್ಲ, ಉರಿಯಿಲ್ಲ. ಮುಷ್ಟಿ ಬಿಗಿದೆ, ಬಿಚ್ಚಿದೆ. ಮತ್ತೆ ತಟ್ಟಿತು. ಬುತ್ತಿಯನ್ನು ಹಾಗೇ ಕಟ್ಟಿಟ್ಟೆ.

ಅದು ಎಂಬತ್ಮೂರನೇ ಇಸವಿ. ಕೃಷ್ಣಾ ಹೊಳೆಯ ದಂಡೆಗೆ ಕರೆಂಟಿನ ದೊಡ್ಡ ಕಾರ್ಖಾನೆ ಏಳುತ್ತಿತ್ತು. ನಾನು ಗುತ್ತಿಗೆದಾರನ ಕೈಕೆಳಗೆ ಸರಳು ಕಟ್ಟುವವನು. ಕಬ್ಬಿಣದ ಸರಳುಗಳನ್ನು ಅಡ್ಡಡ್ಡ ಉದ್ದುದ್ದ ಹಾಸಿ, ಒಂದಕ್ಕೊಂದು ಕೂಡುವಲ್ಲೆಲ್ಲ ತಂತಿ ಸುತ್ತಿ, ಕೊಕ್ಕೆಯಿಂದ ತಿರುವಿ ಬಿಗಿಯಬೇಕು. ಆಮೇಲೆ ಮೇಲೆ ಕಾಂಕ್ರೀಟ್ ಸುರಿಯುತ್ತಾರೆ. ನಾವು ಕಟ್ಟಿದ್ದು ಯಾರಿಗೂ ಕಾಣದಂತೆ ಮುಚ್ಚಿಹೋಗುತ್ತದೆ. ಬೆಳಗಿನಿಂದ ಹೊತ್ತು ಮುಳುಗುವವರೆಗೆ ಬಲ ಮಣಿಕಟ್ಟು ತಿರುವುತ್ತಲೇ ಇರಬೇಕು. ಮೇಸ್ತ್ರಿ ಪೀರಾ ಸಾಬ್ ನನ್ನ ಕೈ ಹಿಡಿದು ನೋಡಿ, ದಣಿದ ಖಂಡ ಹಾರುತ್ತದೆ, ಎಲ್ಲರದೂ ಹಾರುತ್ತದೆ, ಮಜ್ಜಿಗೆಗೆ ಉಪ್ಪು ಹಾಕಿ ಕುಡಿ ಎಂದ. ಅವನು ನಮ್ಮಪ್ಪನ ಕೈ ನೋಡಿರಲಿಲ್ಲ.

ನಮ್ಮೂರು ಮಾನ್ವಿ ತಾಲೂಕಿನ ಕಲ್ಲೂರು. ನಮ್ಮದು ಕುರಿ ಕಾಯುವ ಮನೆ. ದೇವರಿಗೆ ಕುರಿ ಕೊಡುವಾಗ ನಮ್ಮಲ್ಲಿ ಅದರ ಬೆನ್ನಿಗೆ ನೀರು ಚಿಮುಕಿಸುತ್ತಾರೆ. ಕುರಿ ಮೈ ಒದರಿದರೆ ದೇವರು ಒಪ್ಪಿದ ಎಂದು ಅರ್ಥ, ಕತ್ತಿ ಬೀಳುತ್ತದೆ. ಒದರದಿದ್ದರೆ ಮತ್ತೆ ನೀರು. ಒದರುವ ತನಕ ಹಾಕುತ್ತಲೇ ಇರುತ್ತಾರೆ, ಒದರಲಿಲ್ಲ ಎಂದು ಬಿಟ್ಟುಬಿಟ್ಟ ಕುರಿಯನ್ನು ನಾನಂತೂ ನೋಡಿಲ್ಲ. ಅಪ್ಪ ಹನುಮಂತ್ರಾಯನ ರಟ್ಟೆಯ ಮೇಲೆ ಚರ್ಮ ಹಾಗೆ ಅಲುಗುವುದನ್ನು ನಾನು ಒಂದು ದಿನ ಅವನ ಬೆನ್ನುಜ್ಜುವಾಗ ಕಂಡೆ. ಅವನಿಗೆ ಹೇಳಿದೆ. ಅವನು ನಕ್ಕು, ಹುಳ ಹೊಕ್ಕಿರಬೇಕು ಎಂದ.

ಆಗ ನಾನು ಏಳನೇ ಇಯತ್ತೆ. ಆ ವರ್ಷ ಅಪ್ಪನ ಕೈ ಸೊರಗಿತು. ಹೆಬ್ಬೆರಳಿಗೂ ತೋರುಬೆರಳಿಗೂ ನಡುವಿನ ಮಾಂಸ ಕರಗಿ ಅಲ್ಲೊಂದು ಗುಣಿ ಬಿತ್ತು. ಬಡಿಗೆ ಕೈಯಿಂದ ಜಾರತೊಡಗಿತು. ಆಮೇಲೆ ಇನ್ನೊಂದು ಕೈ, ಆಮೇಲೆ ಕಾಲು. ಕೊನೆಗೆ ನಾಲಿಗೆ. ಬಾಯಿ ತೆರೆದರೆ ನಾಲಿಗೆಯೊಳಗೆ ಕುದಿಯುವ ಅಂಬಲಿಯಂತೆ ಏನೋ ಪುಟಿಯುತ್ತಿತ್ತು. ಜನ ಲಕ್ವಾ ಎಂದರು. ಲಕ್ವಾ ಒಂದೇ ಸಲ ಒಂದು ಮಗ್ಗುಲಿಗೆ ಹೊಡೆಯುತ್ತದೆ, ಇದು ಹಾಗಲ್ಲ ಎಂದು ಹೇಳಲು ಒಬ್ಬನಿಗೂ ಬಾಯಿ ಬರಲಿಲ್ಲ. ಕೆಲವರು ಮಾಟ ಎಂದರು. ಮಾನ್ವಿಯ ಒಬ್ಬ ಡಾಕ್ಟರು ಕೆಂಪುನೀರಿನ ಸೂಜಿ ಚುಚ್ಚಿ, ಚೆನ್ನಾಗಿ ಉಣ್ಣಿಸಿ ಎಂದು ಕಳಿಸಿದ. ಉಣ್ಣಿಸುವುದೇ ಕಷ್ಟವಾಗಿತ್ತು. ಅವ್ವ ಯಮನಮ್ಮ ಕೂಲಿಗೆ ಹೋಗಬೇಕು. ನಾನು ಶಾಲೆ ಬಿಟ್ಟು ಅಪ್ಪನಿಗೆ ಉಣ್ಣಿಸಲು ಕೂತೆ. ತುತ್ತು ಸಣ್ಣದು ಮಾಡಿ, ಗದ್ದ ಹಿಡಿದೆತ್ತಿ, ನುಂಗುವವರೆಗೆ ಕಾದು. ಕಾಯದಿದ್ದರೆ ಮೂಗಿನಿಂದ ಬರುತ್ತಿತ್ತು. ನನಗೆ ಸಿಟ್ಟು ಬರುತ್ತಿತ್ತು. ಯಾರ ಮೇಲೆ ಎಂದು ಗೊತ್ತಿರಲಿಲ್ಲ, ಆದ್ದರಿಂದ ಎಲ್ಲರ ಮೇಲೆ ಬರುತ್ತಿತ್ತು.

ಒಂದು ವಿಚಿತ್ರವಿತ್ತು. ಅಪ್ಪನ ಮೈ ಸತ್ತಂತೆ ಬಿದ್ದಿದ್ದರೂ ಅದಕ್ಕೆ ಎಲ್ಲ ತಿಳಿಯುತ್ತಿತ್ತು. ಅಂಗಾಲಿಗೆ ಸೊಳ್ಳೆ ಕೂತರೆ ಕಣ್ಣು ಅತ್ತ ಹೊರಳುತ್ತಿತ್ತು. ಓಡಿಸು ಎಂದು ಅರ್ಥ. ನಾನು ಓಡಿಸುತ್ತಿದ್ದೆ. ಎಮರ್ಜೆನ್ಸಿ ಮುಗಿದ ವರ್ಷ ಅವನು ತೀರಿಕೊಂಡ. ಅವ್ವ ಅತ್ತಳು. ನಾನು ಅಳಲಿಲ್ಲ. ಒಳಗೆ ಏನಾದರೂ ಇದೆಯೇ ಎಂದು ಹುಡುಕಿದೆ, ಸಿಗಲಿಲ್ಲ.

ಹೆಬ್ಬೆರಳ ಬುಡದಲ್ಲಿ ಅದು ಹಾರಿದ ದಿನದಿಂದ ನಾನು ನನ್ನ ಮೈಯ ಪಹರೆಗೆ ನಿಂತೆ. ಕೆಲಸದಲ್ಲಿ ಸರಳಿಗೆ ಸುತ್ತುವ ತಂತಿಯನ್ನೇ ಮುಂಗೈಗೆ ಸರಿಯಾಗಿ ಬಳೆಯಂತೆ ತಿರುವಿಕೊಂಡೆ. ದಿನಾ ಬೆಳಗ್ಗೆ ಅದನ್ನು ಹಾಕಿಕೊಂಡು, ಸಡಿಲಾಗಿದೆಯೇ ಎಂದು ನೋಡುವುದು. ಒಡೆದ ಕನ್ನಡಿಯ ಚೂರಿನಲ್ಲಿ ನಾಲಿಗೆ ನೋಡಿಕೊಳ್ಳುವುದು. ಹಿಮ್ಮಡಿಯ ಮೇಲೆ ನಿಲ್ಲುವುದು, ಉಂಗುಟದ ಮೇಲೆ ನಿಲ್ಲುವುದು. ನೋಡಿದಷ್ಟೂ ಅದು ಹಾರುವ ಜಾಗಗಳು ಹೆಚ್ಚಾದವು. ಮೀನಖಂಡದಲ್ಲಿ ಹಾರಿತು, ಕಣ್ಣರೆಪ್ಪೆಯಲ್ಲಿ ಹಾರಿತು, ಪಕ್ಕೆಯಲ್ಲಿ ಹಾರಿತು. ನಿದ್ದೆ ಹೋಯಿತು. ನಿದ್ದೆಯಿಲ್ಲದ್ದಕ್ಕೆ ಚಹಾ ಕುಡಿದೆ, ಮತ್ತೂ ಹಾರಿತು. ಜತೆಗಾರರು ನನ್ನ ಮುಂದೆ ಮಾತು ಕಡಿಮೆ ಮಾಡಿದರು. ಸುಮ್ಮಸುಮ್ಮನೆ ಒಬ್ಬನಿಗೆ ಕೊಕ್ಕೆ ಎತ್ತಿದ್ದೆ.

ಮುಂದಿನ ಯುಗಾದಿ ಆದ ಮೇಲೆ ನನ್ನ ಮದುವೆ ಎಂದು ಗೊತ್ತಾಗಿತ್ತು. ಹೆಣ್ಣು ಆದೆಮ್ಮ, ಅವ್ವನ ತಮ್ಮ ಅಂಬಣ್ಣ ಮಾವನ ಮಗಳು. ಮಾವ ಇದ್ದದ್ದು ದೇವದುರ್ಗದಲ್ಲಿ. ಅಪ್ಪ ಮಲಗಿದಾಗ ನಮ್ಮ ಕುರಿಗಳನ್ನು ತನ್ನ ಹಿಂಡಿಗೆ ಸೇರಿಸಿಕೊಂಡು ಸಾಕಿದವನು ಅವನೇ. ಆದೆಮ್ಮ ಸಣ್ಣವಳಿದ್ದಾಗಿಂದ ನನ್ನ ಜತೆ ಜಗಳವಾಡುತ್ತ ಬೆಳೆದವಳು. ನನಗೆ ಆಕೆ ಬೇಕಾಗಿದ್ದಳು. ಅದಕ್ಕೇ ಕಣ್ಣು ಮುಚ್ಚಿದರೆ ಒಂದೇ ಚಿತ್ರ ಬರುತ್ತಿತ್ತು. ನಾನು ಅಪ್ಪನ ಹಾಸಿಗೆಯಲ್ಲಿ, ಆಕೆ ನನ್ನ ಗದ್ದ ಹಿಡಿದುಕೊಂಡು.

ಊರಿಗೆ ಹೋದಾಗ ಅವ್ವನಿಗೆ ಕೈ ತೋರಿಸಿದೆ. ಆಕೆ ನೋಡಿದಳು. ಖಂಡ ಆಕೆಯ ಕಣ್ಣೆದುರೇ ಹಾರಿತು. ಆಕೆ ಒಲೆಯ ಕಡೆ ತಿರುಗಿ ಕೂತಳು. ಮರುದಿನ ಮೊದಲ ಬಸ್ಸಿಗೆ ದೇವದುರ್ಗಕ್ಕೆ ಹೋಗಿ ತಮ್ಮನಿಗೆ ಹೇಳಿಬಂದಳು. ನಾಲ್ಕಾರು ದಿನದಲ್ಲಿ ಮಾವ ನನ್ನನ್ನು ಕರೆಸಿದ.

ಅಂಬಣ್ಣ ಮಾವನ ಮನೆ ಊರಂಚಿಗೆ, ಕುರಿಹಟ್ಟಿಯ ಮಗ್ಗುಲಿಗೆ. ಬರೆ ಹಾಕುವುದರಲ್ಲಿ ಅವನ ಕೈ ಸುತ್ತಲಿನ ಹಳ್ಳಿಗಳಿಗೆಲ್ಲ ಗೊತ್ತು. ಕುರಿಯ ಮುಂಗಾಲು ಸೋತು ಕುಂಟತೊಡಗಿದರೆ, ಅದರ ಕೀಲಿನ ಒಳಮಗ್ಗುಲಿಗೆ ಕಾಯಿಸಿದ ಕಬ್ಬಿಣ ಇಟ್ಟು ತೆಗೆಯುತ್ತಾನೆ. ಕೆಲವು ನೆಟ್ಟಗಾಗುತ್ತವೆ. ಆಗದಿದ್ದವನ್ನು ಕಡಿದು ತಿನ್ನುತ್ತಾರೆ, ಹೀಗಾಗಿ ಅವನ ಬರೆ ತಪ್ಪಿದ್ದು ಯಾರ ನೆನಪಿನಲ್ಲೂ ಉಳಿಯುವುದಿಲ್ಲ. ಮನುಷ್ಯರಿಗೂ ಹಾಕುತ್ತಾನೆ. ಕೂಸುಗಳ ಹೊಟ್ಟೆಗೆ, ಮುದುಕಿಯರ ಮೊಣಕಾಲಿಗೆ.

ನಾನು ಹೋದಾಗ ಕಬ್ಬಿಣ ಆಗಲೇ ಬೆಂಕಿಯಲ್ಲಿತ್ತು. ಮಾವ ನನ್ನ ಕೈಯನ್ನು ಮಣಿಕಟ್ಟಿನಿಂದ ಮೇಲಕ್ಕೆ, ಕುರಿಯ ಕಾಲು ತಡವುವಂತೆ ತಡವುತ್ತ ಹೋದ. ಮೊಣಕೈಯ ಒಳಮಗ್ಗುಲಲ್ಲಿ ಎಲುಬಿನ ಉಬ್ಬಿನ ಹಿಂದೆ ನಿಂತ. ಇಲ್ಲಿಂದಲೇ ಇಳಿಯುತ್ತಿದೆ ಎಂದ. ಬಾಗಿಲಲ್ಲಿ ನಿಂತಿದ್ದ ಆದೆಮ್ಮ, ಸುಟ್ಟರೆ ಹೋಗುವಂಥದ್ದೇ ಅದು ಎಂದು ಕೇಳಿದಳು. ಹೆಂಗಸರು ಒಳಗೆ ಹೋಗಬೇಕು ಎಂದು ಮಾವ ಗದರಿದ. ಆಕೆ ಹೋಗಲಿಲ್ಲ.

ಮಾವ ತಲೆ ತಗ್ಗಿಸಿ ಬೆಂಕಿ ಕೆದರುತ್ತ ಹೇಳಿದ:

“ನಿಮ್ಮಪ್ಪಗ ಹಾಕ್ತೀನಂದೆ. ನಾ ಏನ್ ಕುರಿ ಏನಲೇ ಅಂದ. ನಾಕ್ ಮಂದಿ ಕೂಡಿ ಹಿಡಿದು ಕೆಡವಿ ಹಾಕಬೇಕಾಗಿತ್ತು. ಭಾವ ಅಂತ ಸುಮ್ಮನಾದೆ. ಅವತ್ತು ಹಾಕಿದ್ರ ಇವತ್ತು ನಿನ್ನ ಮದುವ್ಯಾಗ ಮುಂದ ಕುಂದ್ರತಿದ್ದ. ನಿನ್ನ ಬಿಡಂಗಿಲ್ಲ ನಾನು.”

ನನ್ನನ್ನು ಯಾರೂ ಹಿಡಿಯಲಿಲ್ಲ. ನಾನೇ ಕೈ ಚಾಚಿದೆ. ಬೇಡ ಎಂದ ಅಪ್ಪ ಸತ್ತಿದ್ದ. ಬೇಕು ಎಂದರೆ ಏನಾಗುತ್ತದೋ ನೋಡೋಣ ಎಂದುಕೊಂಡೆ. ಮಾವ ಕುರಿಗೆ ಇಡುವುದಕ್ಕಿಂತ ಹೆಚ್ಚು ಹೊತ್ತು ಇಟ್ಟ, ಮಗಳನ್ನು ಕೊಡುವವನು ನೋಡಿ. ಚರ್ಮ ಸುಟ್ಟ ವಾಸನೆ ಬಂತು. ಕಿರುಬೆರಳಿನ ತುದಿಯವರೆಗೆ ಮಿಂಚು ಹೊಡೆದಂತಾಗಿ ಹಲ್ಲು ಕಚ್ಚಿದೆ. ಮಾವ ಕಣ್ಣು ಒರೆಸಿಕೊಂಡ. ಹೊಗೆ ಎಂದುಕೊಂಡೆ ಆಗ.

ಗಾಯ ಕೀವಾಯಿತು. ಸೊಪ್ಪು ಅರೆದು ಕಟ್ಟಿದರು. ಒಣಗುವ ಹೊತ್ತಿಗೆ ಆ ಕೈಯಲ್ಲಿ ಹಾರುವುದು ಕಡಿಮೆಯಾಗಿತ್ತು. ಅವ್ವ ದೇವರ ದೀಪಕ್ಕೆ ಎಣ್ಣೆ ಕೊಟ್ಟಳು. ನಾನು ಕೆಲಸಕ್ಕೆ ಮರಳಿದೆ.

ಸ್ವಲ್ಪ ದಿನಕ್ಕೆ ಕಿರುಬೆರಳು, ಅದರ ಮಗ್ಗುಲಿನದು, ಎರಡೂ ಮಡಿಚಿಕೊಂಡವು. ಬಿಚ್ಚು ಎಂದರೆ ಪೂರಾ ಬಿಚ್ಚುವುದಿಲ್ಲ. ಕೊಕ್ಕೆ ತಿರುವುವಾಗ ಹಿಡಿತ ನಿಲ್ಲುವುದಿಲ್ಲ. ತಂತಿಯ ಬಳೆ ಸಡಿಲಾಯಿತು. ಒಂದು ಬೆಳಗ್ಗೆ ಕೈ ತೊಳೆಯುವಾಗ ಬಿಸಿಲಿಗೆ ಹಿಡಿದು ನೋಡಿದೆ. ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಗುಣಿ ಬಿದ್ದಿತ್ತು. ಆ ಗುಣಿಯಲ್ಲಿ ನೀರು ನಿಂತಿತ್ತು.

ಅಪ್ಪನ ಕೈ ಬಂತು ಎಂದುಕೊಂಡೆ.

ಹೆದರಿಕೆ ಅಲ್ಲಿಗೆ ಮುಗಿಯಿತು. ಅಷ್ಟು ದಿನ ಕಾದದ್ದು ಬಂದೇಬಿಟ್ಟರೆ ಹೆದರಲು ಏನಿರುತ್ತದೆ? ಒಳಗೆಲ್ಲ ಕಾಂಕ್ರೀಟ್ ಸುರಿದಂತೆ ಆಗಿಹೋಯಿತು. ಊಟ ಮಾಡುತ್ತಿದ್ದೆ, ರುಚಿ ಇರಲಿಲ್ಲ. ಯಾರಾದರೂ ಬೈದರೆ ಸಿಟ್ಟು ಬರಬೇಕೆಂದು ಗೊತ್ತಾಗುತ್ತಿತ್ತು, ಬರುತ್ತಿರಲಿಲ್ಲ. ಊರಿಗೆ ಹೋಗಿ ಅವ್ವನಿಗೆ, ಮದುವೆ ಬೇಡ ಅಂತ ಮಾವನ ಮನೆಗೆ ಹೇಳಿಬಿಡು ಎಂದೆ. ಕೈ ನೋಡಿದ ಮೇಲೆ ಆಕೆ ವಾದ ಮಾಡಲಿಲ್ಲ. ಹೋಗಿ ಹೇಳಿದಳು. ಅಲ್ಲಿ ಏನೆಂದರು ಎಂದು ನಾನು ಕೇಳಲಿಲ್ಲ, ಆಕೆ ಹೇಳಲಿಲ್ಲ.

ಆಮೇಲೆ ಒಂದು ದಿನ ಎತ್ತರದ ಅಟ್ಟಣಿಗೆಯ ಮೇಲೆ ಕಟ್ಟುತ್ತಿದ್ದಾಗ ನನ್ನ ಕೊಕ್ಕೆ ಕೈ ಜಾರಿ ಕೆಳಗೆ ಬಿತ್ತು. ಪೀರಾ ಸಾಬನ ಭುಜಕ್ಕೆ ಒಂದು ಗೇಣು ಅಂತರದಲ್ಲಿ ಬಿತ್ತು. ಅವನು ಮೇಲೆ ನೋಡಿದ. ಬೈಯುತ್ತಾನೆ ಎಂದುಕೊಂಡೆ. ಇಳಿದು ಬಾ ಎಂದ, ಅಷ್ಟೇ. ಕೈ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ.

“ಮಜ್ಜಿಗಿ ಕುಡದ್ರ ಹೋಗೂದಲ್ಲ ಇದು. ನಾ ಅವತ್ತು ಹೇಳಿದ್ದು ವಾಪಸ್ ತಗೊಂಡೆ. ನಾಳೆ ರಾಯಚೂರಿಗೆ ಹೋಗು. ಕರ್ನೂಲಿಂದ ನರದ ಡಾಕ್ಟರ್ ಬರ್ತಾನ. ಹೋಗಲಿಲ್ಲ ಅಂದ್ರ ನನ್ನ ಕೆಲಸದ ಮ್ಯಾಲ ಕಾಲ್ ಇಡಬ್ಯಾಡ.”

ಅಪ್ಪನಿಗೆ ಆದದ್ದನ್ನು ಹೇಳಿ, ಹೋಗಿ ಏನಾಗಬೇಕು ಎಂದೆ. “ಹೆಸರಾದ್ರೂ ಗೊತ್ತಾಗ್ತದಲ್ಲೋ, ಹೈವಾನ್. ನಿಮ್ಮಪ್ಪನ ಕೊಂದದ್ದು ಯಾವುದು ಅಂತ ಗೊತ್ತು ಮಾಡ್ಕೊಂಡು ಸಾಯಿ” ಎಂದ. ಅವನ ಮಾತು ಸರಿ ಅನಿಸಿತು.

ಡಾಕ್ಟರು ತಿಂಗಳಿಗೊಮ್ಮೆ ಬಂದು ಕೂಡುತ್ತಿದ್ದದ್ದು ರಾಯಚೂರಿನ ತೀನ್ ಕಂದೀಲ್ ಚೌಕದ ಹತ್ತಿರ, ಒಂದು ಔಷಧದಂಗಡಿಯ ಮೇಲಿನ ಕೋಣೆಯಲ್ಲಿ. ಮೆಟ್ಟಿಲ ಮೇಲೆ ಜನ ಕೂತಿದ್ದರು. ಬಾಯಿ ಸೊಟ್ಟಗಾದವರು, ಮೂರ್ಛೆಯವರು, ಕೈ ನಡುಗುವ ಒಬ್ಬ ಅಕ್ಕಿ ಗಿರಣಿಯ ಸಾಹುಕಾರ. ನನ್ನ ಸರದಿ ಬಂದಾಗ ಮಧ್ಯಾಹ್ನ ದಾಟಿತ್ತು. ಡಾಕ್ಟರು ದಪ್ಪ ಮನುಷ್ಯ, ತೆಲುಗು ಬೆರೆತ ಕನ್ನಡ, ಅವಸರದ ಕೈ. ಅಪ್ಪನದು ಮೊದಲಿಂದ ಕೊನೆಯವರೆಗೆ ಹೇಳಿದೆ. ಅವರ ಅವಸರ ನಿಂತಿತು. ಕುರ್ಚಿ ಎಳೆದುಕೊಂಡು ಮುಂದೆ ಕೂತರು. ಆ ರೋಗಕ್ಕೆ ಇಂಗ್ಲಿಷಿನ ಒಂದು ಉದ್ದನೆಯ ಹೆಸರು ಹೇಳಿ, ಔಷಧಿಯಿಲ್ಲ ಎಂದರು. ಎಲ್ಲಿಗೆ ಕರೆದೊಯ್ದಿದ್ದರೂ ಇರಲಿಲ್ಲ ಎಂದರು. ಹೆಸರು ಕೇಳಿದ ಕೂಡಲೇ ನನಗೆ ಮರೆತುಹೋಯಿತು.

ಅಂಗಿ ಬಿಚ್ಚಿಸಿದರು. ನಾಲಿಗೆ ನೋಡಿದರು, ಸುಮ್ಮನಿದೆ ಎಂದರು. ಮೊಣಕಾಲಿಗೆ ಸಣ್ಣ ಸುತ್ತಿಗೆಯಿಂದ ಬಡಿದರು. ಹೆಬ್ಬೆರಳ ಬುಡ ಒತ್ತಿ ನೋಡಿದರು, ನಾನು ಮೊದಲು ಹೆದರಿದ ಆ ಖಂಡ ಇದ್ದಷ್ಟೇ ಇತ್ತು. ಆಮೇಲೆ ಒಂದು ಸೂಜಿ ತೆಗೆದು, ಕಣ್ಣು ಮುಚ್ಚಿಕೋ, ಚುಚ್ಚಿದಾಗೆಲ್ಲ ಹೂಂ ಅನ್ನು ಎಂದರು. ಅಂದೆ. ಹೂಂ. ಹೂಂ. ಆಮೇಲೆ ಬಹಳ ಹೊತ್ತು ಅವರು ಚುಚ್ಚಲಿಲ್ಲ. ನಾನು ಕಾದೆ. ಕಣ್ಣು ತೆಗೆ ಎಂದರು. ತೆಗೆದೆ. ಕಿರುಬೆರಳ ತುದಿಯಲ್ಲಿ ರಕ್ತದ ಹನಿ ಇತ್ತು. ಅದರ ಮಗ್ಗುಲಿನ ಬೆರಳಿನ ಅರ್ಧದವರೆಗೂ ಚುಕ್ಕಿಗಳಿದ್ದವು.

“ಇದು ಎಂದಿನಿಂದ ಹೀಗೆ?” ಎಂದು ಕೇಳಿದರು.

ನನಗೆ ಗೊತ್ತಿರಲಿಲ್ಲ. ಇಡೀ ನಾನೇ ಹಾಗಿದ್ದೆ. ಒಂದು ಬೆರಳು ಬೇರೆ ಎಂದು ಹೇಗೆ ತಿಳಿಯಬೇಕು?

“ನಿಮ್ಮ ನಾಯ್ನಗೆ, ಅಪ್ಪನಿಗೆ, ಮುಟ್ಟಿದ್ದು ತಿಳೀತಿತ್ತಾ?”

“ಸೊಳ್ಳಿ ಕುಂತದ್ದೂ ತಿಳೀತಿತ್ತು, ಕಡೀತನಕ.”

ಅವರು ನನ್ನ ಕೈ ತಿರುವಿ ಮೊಣಕೈ ನೋಡಿದರು. ಬರೆಯ ಗುರುತು ಗಂಟುಗಟ್ಟಿ ಹೊಳೆಯುತ್ತಿತ್ತು. ಅದರ ಮೇಲೆ ಬೆರಳಿಂದ ತಟ್ಟಿದರು. ಕಿರುಬೆರಳವರೆಗೆ ಮಿಂಚು ಹರಿಯಿತು, ಹಾರಿ ಕೂತೆ. ಯಾರು ಸುಟ್ಟದ್ದು ಎಂದರು. ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆ ಎಲುಬಿನ ಹಿಂದೆ ಚರ್ಮದ ಕೆಳಗೇ ಒಂದು ನರ ಹಾದುಹೋಗುತ್ತದೆ, ಕೈ ತಾಕಿದರೆ ಝುಂ ಅನ್ನುತ್ತದಲ್ಲ ಅದೇ, ಅದು ಸುಟ್ಟು ಗಂಟಿನಲ್ಲಿ ಸಿಕ್ಕಿಕೊಂಡಿದೆ ಎಂದು ತಿಳಿಸಿ ಹೇಳಿದರು. ಬೆರಳು ಮಡಿಚಿದ್ದು, ಗುಣಿ ಬಿದ್ದದ್ದು, ಎಲ್ಲ ಅದರಿಂದ. ಅಪ್ಪನ ರೋಗ ಬಲ ತಿನ್ನುತ್ತದೆ, ಸ್ಪರ್ಶ ತಿನ್ನುವುದಿಲ್ಲ. ನಿನಗೆ ಸ್ಪರ್ಶವೇ ಹೋಗಿದೆ. ಇದು ಬೇರೆ.

ಹಾಗಾದರೆ ಖಂಡ ಹಾರುತ್ತಿದ್ದದ್ದು? ದಣಿವಿಗೆ, ಚಹಾಕ್ಕೆ, ನಿದ್ದೆಗೆಟ್ಟದ್ದಕ್ಕೆ, ಹೆದರಿಕೆಗೆ. ನನಗೂ ಹಾರುತ್ತದೆ ಎಂದು ತಮ್ಮ ಕಣ್ಣರೆಪ್ಪೆ ತೋರಿಸಿದರು. ಮುಂದೆ ಎಂದಾದರೂ ಅಪ್ಪನದು ಬರುತ್ತದೆಯೇ ಎಂದು ಕೇಳಿದೆ. ಎಲ್ಲೋ ಕೆಲವು ಮನೆತನಗಳಲ್ಲಿ ಬರುತ್ತದೆ, ಬಹಳ ಕಡೆ ಬರುವುದಿಲ್ಲ, ಇವತ್ತು ನಿನ್ನ ಮೈಯಲ್ಲಿ ಇಲ್ಲ, ಇಷ್ಟು ನಾನು ಹೇಳಬಲ್ಲೆ ಎಂದರು. ಕೈ ಮೊದಲಿನಂತಾಗುವುದೇ? ಸ್ವಲ್ಪ ಆದೀತು, ಪೂರಾ ಆಗಲಿಕ್ಕಿಲ್ಲ.

ಮೆಟ್ಟಿಲಿಳಿದು ಬೀದಿಗೆ ಬಂದೆ. ಟಾಂಗಾಗಳು, ಬಾಳೆಹಣ್ಣಿನ ಗಾಡಿಗಳು. ಬದುಕಿದೆ ಎಂದು ನನಗೆ ನಾನೇ ಹೇಳಿಕೊಂಡು ನೋಡಿದೆ. ಏನೂ ಆಗಲಿಲ್ಲ. ಯಾರೋ ಬೇರೆಯವರ ಸುದ್ದಿ ಕೇಳಿದಂತಿತ್ತು. ಬಸ್‌ಸ್ಟ್ಯಾಂಡಿನಲ್ಲಿ ಒಂದು ಸೋಡಾ ಕುಡಿದೆ. ಗಬ್ಬೂರಿನ ಮೇಲೆ ಹಾದು ದೇವದುರ್ಗಕ್ಕೆ ಹೋಗುವ ಬಸ್ಸು ನಿಂತಿತ್ತು, ಹತ್ತಿದೆ. ಬಸ್ಸು ಊರು ಬಿಟ್ಟ ಮೇಲೆ ಸಿಟ್ಟು ಬಂತು. ಎಷ್ಟೋ ದಿನದ ಮೇಲೆ ಬಂತು. ಮಾವನ ಮುಖ ಕಣ್ಣಿಗೆ ಕಟ್ಟಿತು. ಇಲ್ಲದ ರೋಗಕ್ಕೆ ಬರೆ ಇಟ್ಟು, ರೋಗದ ಗುರುತು ತಂದುಕೊಟ್ಟವನು. ಅವನಿಗೆ ಏನೆಂದು ಬೈಯಬೇಕೆಂದು ದಾರಿಯುದ್ದಕ್ಕೂ ಒಂದೊಂದೇ ಮಾತು ಕೂಡಿಸುತ್ತ ಹೋದೆ.

ಅಂಗಳದಲ್ಲಿ ಬೆಂಕಿ ಇತ್ತು. ಬೆಂಕಿಯಲ್ಲಿ ಕಬ್ಬಿಣ ಇತ್ತು. ಓಣಿಯ ಬಂಡೆಮ್ಮ ಎಂಬ ಮುದುಕಿ ಸೀರೆ ಮೇಲೆತ್ತಿ ಮೊಣಕಾಲು ಚಾಚಿ ಕೂತಿದ್ದಳು. ಆದೆಮ್ಮ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದಳು. ನನ್ನನ್ನು ನೋಡಿ ಮೊರದಲ್ಲಿ ಕೇರುವುದನ್ನು ನಿಲ್ಲಿಸಿದಳು, ಮತ್ತೆ ಶುರು ಮಾಡಿದಳು. ಬಾ ಅನ್ನಲಿಲ್ಲ.

“ಮಾವ, ನನಗ ಅಪ್ಪನ ಜಡ್ಡು ಇಲ್ಲ. ರಾಯಚೂರಾಗ ನರದ ಡಾಕ್ಟರ್ ನೋಡ್ಯಾನ” ಎಂದೆ.

ಮಾವನ ಮುಖ ಅರಳಿತು. ಬಂಡೆಮ್ಮನ ಕಡೆ ತಿರುಗಿ, ನೋಡಿದೇನು, ಹೆಂಗ ಹಿಡೀತು ನನ್ನ ಬರಿ ಎಂದ.

“ಬರಿ ಹಿಡದದ್ದಲ್ಲ. ಜಡ್ಡು ಮೊದ್ಲಿಂದನೂ ಇದ್ದಿಲ್ಲ. ಈ ಎರಡು ಬೆರಳು ಸತ್ತದ್ದು ನಿನ್ನ ಬರಿಯಿಂದ. ನರ ಸುಟ್ಟೀದಿ ನೀನು.”

ದಾರಿಯಲ್ಲಿ ಕೂಡಿಸಿಟ್ಟುಕೊಂಡಿದ್ದ ಮಾತುಗಳಲ್ಲಿ ಬಂದದ್ದು ಇಷ್ಟೇ. ಉಳಿದವು ಬರುವ ಮುಂಚೆ ಮಾವನನ್ನು ನೋಡಿದೆ. ಅವನು ನನ್ನ ಕೈಯನ್ನೇ ನೋಡುತ್ತಿದ್ದ. ಬೆರಳು ಮುಟ್ಟಿದ. ಮುಟ್ಟಿದ್ದು ನನಗೆ ಕಂಡಿತು, ತಿಳಿಯಲಿಲ್ಲ. ಬೆರಳು ಬಿಡದೆ ಕೇಳಿದ:

“ಅಂದ್ರ, ನಿಮ್ಮಪ್ಪಗ ಅವತ್ತು ಹಾಕಿದ್ರೂ ಉಳೀತಿದ್ದಿಲ್ಲ?”

“ಇಲ್ಲ. ಏನ್ ಮಾಡಿದ್ರೂ ಉಳೀತಿದ್ದಿಲ್ಲ.”

“ಡಾಕ್ಟರ್ ಅಂದನಾ ಹಂಗ?”

“ಅಂದ.”

ಮಾವ ರುಮಾಲು ಬಿಚ್ಚಿ ಅದರಲ್ಲಿ ಮುಖ ಮುಚ್ಚಿಕೊಂಡ. ಅವನ ಭುಜ ಅಲುಗುತ್ತಿತ್ತು. ಅಷ್ಟು ವರ್ಷ ಅವನು ಅಪ್ಪನನ್ನು ತಾನೇ ಸಾವಿಗೆ ಬಿಟ್ಟುಕೊಟ್ಟೆ ಎಂದುಕೊಂಡು ಕುರಿ ಕಾದಿದ್ದ. ನಾನು ಹೊಡೆಯಲು ಬಂದವನು ಅವನ ತಲೆಯ ಹೊರೆ ಇಳಿಸಿಬಿಟ್ಟಿದ್ದೆ. ಅದಕ್ಕೂ ನನಗೆ ಸಿಟ್ಟೇ ಬಂತು. ಈಗ ಅವನಿಗೆ ಹಗುರವಾಯಿತು, ನನ್ನ ಕೈ? ಆದರೆ ಅಳುವ ಗಂಡಸಿಗೆ ಏನು ಹೇಳುವುದು. 

ಬಂಡೆಮ್ಮ ಕಾದು ಬೇಸತ್ತಳು. ಅವರವರ ಮನೆಯ ಗೋಳು ಆಮೇಲೆ, ನನ್ನ ಮೊಣಕಾಲಿಗೆ ಇಡುತ್ತೀಯೋ ಇಲ್ಲವೋ ಎಂದಳು. ಮಾವ ಎದ್ದು ಇಕ್ಕಳದಿಂದ ಕಬ್ಬಿಣ ಎಳೆದು ಮಣ್ಣಿಗೆ ಹಾಕಿದ. ಇಲ್ಲ ಬೇ, ಎಣ್ಣೆ ಹಚ್ಚಿ ತಿಕ್ಕಿಸಿಕೋ ಎಂದ. ಆಕೆ ಸೀರೆ ಇಳಿಬಿಟ್ಟು, ನಿನ್ನ ಅಳಿಯನ ಮಾತು ಕೇಳಿ ಊರ ಮಂದಿಯನ್ನು ಕುಂಟರನ್ನಾಗಿ ಮಾಡು ಎಂದು ಬೈಯುತ್ತ ಎದ್ದು ಹೋದಳು. ಕುಂಟುತ್ತಲೇ ಹೋದಳು. ಬೇರೆ ಯಾರ ಹತ್ತಿರವೋ ಹಾಕಿಸಿಕೊಂಡಿರುತ್ತಾಳೆ.

ಮಾವ ಮೂಗು ಒರೆಸಿಕೊಂಡು, ಹಾಗಾದರೆ ಮದುವೆಯ ಮಾತೇನು ಎಂದ. ಮಾಡಿಕೊಳ್ಳುತ್ತೇನೆ ಎಂದೆ. ಅವನು, ಯಮನಕ್ಕನಿಗೆ ನಾಳೆಯೇ ಹೇಳಿಕಳಿಸುತ್ತೇನೆ ಎನ್ನುವಷ್ಟರಲ್ಲಿ ಮೊರ ಕೆಳಗಿಟ್ಟ ಸದ್ದಾಯಿತು.

“ನನ್ನ ಯಾರೂ ಕೇಳಾಂಗಿಲ್ಲೇನು?” ಎಂದಳು ಆದೆಮ್ಮ. ಆಕೆ ತನ್ನ ಅಪ್ಪನನ್ನು ನೋಡಲಿಲ್ಲ, ನನ್ನನ್ನು ನೋಡಿದಳು. “ಬ್ಯಾಡ ಅಂತ ನಿಮ್ಮವ್ವನ ಬಾಯಿಂದ ಹೇಳಿಕಳಿಸಿದಿ. ಈಗ ಬಂದು ಬೇಕು ಅಂತಿ. ಜಡ್ಡು ಇದ್ರ ಬ್ಯಾಡ, ಇಲ್ಲಾಂದ್ರ ಬೇಕು. ನಾ ಏನ್ ಸಂತ್ಯಾಗಿನ ಟಗರ?”

“ನಿನಗ ನನ್ನ ಕೂಳು ಉಣಸೋ ಗತಿ ಬರಬಾರದು ಅಂತ.”

“ಬಂದಿದ್ರ ಉಣಸ್ತಿದ್ದೆ. ನೀ ನಿಮ್ಮಪ್ಪಗ ಉಣಸಲಿಲ್ಲೇನು? ನಿನ್ನ ಯಾರಾರ ಕೇಳಿದ್ರೇನು, ಉಣಸ್ತೀಯೋ ಬಿಡ್ತೀಯೋ ಅಂತ? ಬ್ಯಾಡ ಅನ್ನೋದಿದ್ರ ನಾ ಅನ್ನಬೇಕಿತ್ತು. ನೀನೇ ಸತ್ತೆ, ನೀನೇ ನನ್ನ ಉಳಿಸಿದಿ, ನೀನೇ ಎದ್ದು ಬಂದಿ. ನಾ ಇಲ್ಲಿ ಓಣಿ ಮಂದಿಗೆ ಏನ್ ಹೇಳ್ಲಿ ಅಂತ ತಿಂಗಳಾತು ಮಾರಿ ಮುಚ್ಚಿಕೊಂಡು ಅಡ್ಡಾಡೀನಿ.”

 ಸಿಟ್ಟು ಎಂಬುದು ನನ್ನೊಬ್ಬನ ಆಸ್ತಿ ಎಂಬಂತೆ ತಿರುಗಿದ್ದೆ. ಆಕೆಯ ದನಿ ಏರಿರಲಿಲ್ಲ. ಕೈಗಳು ಮಾತ್ರ ಸೆರಗಿನ ತುದಿಯನ್ನು ಗಟ್ಟಿಯಾಗಿ ಸುತ್ತಿ ಹಿಡಿದಿದ್ದವು.

ಮಾವ ಈ ಸಲ ಮಗಳನ್ನು ಗದರಲಿಲ್ಲ. ಕುರಿಗಳನ್ನು ನೋಡುವ ನೆಪದಲ್ಲಿ ಹಟ್ಟಿಯ ಕಡೆ ಹೋದ.

ಈ ಯುಗಾದಿಗೆ ಆಗುವುದಿಲ್ಲ ಎಂದಳು ಆದೆಮ್ಮ. ಆಮೇಲೆ ನೋಡೋಣ, ನನಗೆ ಸಿಟ್ಟು ಇಳಿಯಲಿ ಎಂದಳು. ಜಡ್ಡು ಬರುತ್ತದೇನೋ ಅಂತ ಕಾಯುವುದಲ್ಲ ಮತ್ತೆ, ಹಾಗೆ ತಿಳಿದುಕೊಳ್ಳಬೇಡ ಎಂದೂ ಹೇಳಿದಳು. ಸರಿ ಎಂದೆ. ಎಷ್ಟು ದಿನ ಎಂದು ಕೇಳುವ ಧೈರ್ಯ ಆಗಲಿಲ್ಲ.

ಆಕೆ ಒಳಗೆ ಹೋದಳು. ನಾನು ಹೋಗಬೇಕೋ ಕೂಡಬೇಕೋ ತಿಳಿಯದೆ ಕಟ್ಟೆಯ ಮೇಲೆ ಕೂತೆ. ಸ್ವಲ್ಪ ಹೊತ್ತಿಗೆ ತಟ್ಟೆ ತಂದು ಮುಂದಿಟ್ಟಳು. ಜೋಳದ ರೊಟ್ಟಿ, ಪುಂಡಿಪಲ್ಯ. ಬೆಳಗಿನಿಂದ ಒಂದು ಸೋಡಾದ ಮೇಲಿದ್ದೆ. ಆಕೆ ಎದುರಿಗೆ, ಬಾಗಿಲ ಚೌಕಟ್ಟಿಗೆ ಆತು ಕೂತಳು.

ರೊಟ್ಟಿ ಬಿರುಸಾಗಿತ್ತು. ಮುರಿಯಲು ಹೋದರೆ ಹೆಬ್ಬೆರಳು ತೋರುಬೆರಳಿನ ನಡುವೆ ಬಲ ಸಾಲದು. ಮೊದಲ ಸಲ ಜಾರಿತು. ಎರಡನೆಯ ಸಲ ಚೂರು ಬಂತು, ಅದರಲ್ಲಿ ಪಲ್ಯ ಎತ್ತುವಾಗ ಮಡಿಚಿದ ಎರಡು ಬೆರಳು ಅಡ್ಡ ಬಂದು ಪಲ್ಯ ತೊಡೆಗೆ ಬಿತ್ತು. ಆದೆಮ್ಮ ನೋಡುತ್ತಿದ್ದಳು. ಎದ್ದು ಬರಲಿಲ್ಲ. ನೀರಿನ ತಂಬಿಗೆಯನ್ನು ಮಾತ್ರ ನನ್ನ ಎಡಗೈಗೆ ಸಿಗುವಂತೆ ಸರಿಸಿದಳು. ನಾನು ಇನ್ನೊಂದು ಚೂರು ಮುರಿದೆ.